ಚಕ್ಲಿ ಮಾರ್ಗ

ಯಾವ ದೇಶ ದೊಡ್ಡದು ಎಂಬುದನ್ನು ಅದರ ರೈಲು ಹಳಿಯ ಉದ್ದದಿಂದಲೇ ತೀರ್ಮಾನಿಸುವ ಕಾಲ ಬಂದರೆ ಏನಾದೀತು? ನಗಬೇಡಿ, ಅಂಥದೊಂದು ಕಾಲ ಬಂದಿತ್ತು.

ಸಹಾರಾ ಮರುಭೂಮಿಯ ತುಂಬ ಬಿಸಿಲು ಹಿಡಿಯುವ ಹಲಗೆಗಳನ್ನು ಹಾಸಿ, ಅಲ್ಲಿಂದ ಜಗತ್ತಿಗೆಲ್ಲ ವಿದ್ಯುತ್ತು ಕಳಿಸತೊಡಗಿದ್ದರು. ತಂತಿ ಎಳೆಯಲು ಎಲ್ಲ ಕಡೆ ಸುಲಭವಾಗಿ ಸಿಕ್ಕಿದ್ದು ರೈಲು ಹಳಿಯ ಪಕ್ಕದ ಜಾಗ. ಹಾಗಾಗಿ ಯಾರ ಹಳಿ ಎಷ್ಟುದ್ದವೋ ಅವರಿಗೆ ಅಷ್ಟು ಪಾಲು ಎಂದು ದೊಡ್ಡ ದೊಡ್ಡವರು ಕೂತು ಒಪ್ಪಂದ ಮಾಡಿಕೊಂಡರು, ಅದನ್ನು ನೋಡಿಕೊಳ್ಳಲು ಒಂದು ಹಳಿ ಮಂಡಳಿಯನ್ನೂ ಕಟ್ಟಿದರು. ಅಮೆರಿಕ, ಚೀನಾ, ರಷ್ಯಾ, ಅವುಗಳ ಬೆನ್ನಿಗೆ ಭಾರತ. ಸರದಿಯೇನೋ ಹಳೆಯದೇ. ಆದರೆ ಈಗ ಮೊದಲ ನಾಲ್ವರಿಗೆ ಹಗಲೂ ರಾತ್ರಿಯೂ ವಿದ್ಯುತ್ತು, ಐದರಿಂದ ಕೆಳಗಿನವರಿಗೆ ಬಿಸಿಲಿದ್ದಷ್ಟು ಹೊತ್ತು ಮಾತ್ರ. ಹಳಿಯೇ ಇಲ್ಲದ ಐಸ್‌ಲ್ಯಾಂಡಿನವರು ತಮ್ಮ ಬಿಸಿನೀರಿನ ಬುಗ್ಗೆಗಳ ಮೇಲೆ ಕೂತು ಈ ಆಟವನ್ನು ನೋಡುತ್ತಿದ್ದರು. ವ್ಯಾಟಿಕನ್ನಿನ ಹಳಿಯ ಮೇಲೆ ನಮ್ಮ ಒಂದು ಗೂಡ್ಸ್ ಗಾಡಿ ನಿಂತರೆ ಅದರ ಬಾಲ ಪರದೇಶದಲ್ಲಿರುತ್ತದೆ. ಅವರು ಪಾಲು ಕೇಳುವ ಗೋಜಿಗೇ ಹೋಗಲಿಲ್ಲ. ನಮ್ಮವರು ಮಾತ್ರ, ನಮ್ಮ ಹಳಿಯ ಮೇಲೆ ಓಡಾಡುವಷ್ಟು ಜನ ಇನ್ನೆಲ್ಲೂ ಓಡಾಡುವುದಿಲ್ಲ, ತಲೆಯೆಣಿಕೆಯನ್ನೂ ಹಿಡಿಯಿರಿ ಎಂದು ವಾದ ಹೂಡಿ ಸೋತು ಬಂದರು. ಉದ್ದವೇ ಲೆಕ್ಕ ಎಂದಿತು ಮಂಡಳಿ.

ಅದಕ್ಕೆ ಕಟ್ಟಳೆಗಳೂ ಇದ್ದವು. ಒಂದು ದಾರಿಯಲ್ಲಿ ಜೋಡಿ ಮಾರ್ಗವಿದ್ದರೂ ಉದ್ದ ಒಂದೇ ಸಲ ಎಣಿಕೆ. ಪ್ರತಿದಿನ ಜನ ತುಂಬಿದ ಗಾಡಿಯೊಂದು ಮಾರ್ಗದ ಕೊನೆ ಮುಟ್ಟಬೇಕು. ಮುಟ್ಟಿದಾಗ ಹಳಿಯ ಮಗ್ಗುಲಿನ ನಾಡಿತಂತಿ ಮಿಡಿದು ಮಂಡಳಿಗೆ ಸುದ್ದಿ ಹೋಗುತ್ತದೆ. ಗಾಡಿ ಇನ್ನೂ ದಾರಿಯಲ್ಲಿದ್ದರೆ ಚಿಂತೆಯಿಲ್ಲ, ಅದು ಇರುವಷ್ಟು ಹೊತ್ತು ಮಾರ್ಗ ಬದುಕಿದೆ ಎಂದೇ ಲೆಕ್ಕ. ಆದರೆ ನಡುದಾರಿಯಲ್ಲಿ ಹಿಂದಕ್ಕೆ ತಿರುಗಿತೋ, ಅಥವಾ ನಾಡಿತಂತಿಯ ವಿದ್ಯುತ್ತು ಕಡಿಯಿತೋ, ಆ ಮಾರ್ಗ ಸತ್ತಂತೆ. ಮತ್ತೆ ಜೀವ ಬರಬೇಕಾದರೆ ವರ್ಷಗಟ್ಟಲೆ ತಪಾಸಣೆ.

ಅವರು ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರು ನಾವು. ಜೋಡಿ ಮಾರ್ಗಗಳ ಒಂದು ಹಳಿಯನ್ನು ಕಿತ್ತು, ಆ ಕಬ್ಬಿಣದಿಂದ ಹೊಸ ಮಾರ್ಗ ಹಾಕಿದರು. ಊರಿಲ್ಲದ ಕಡೆಯೂ ಹಾಕಿದರು. ಬಾಗಿಲಹಾಳದ ಎರೆಹೊಲದ ಬಯಲಿನಲ್ಲಂತೂ ಹಳಿಯನ್ನು ಸುತ್ತಿ ಸುತ್ತಿ, ಎಣ್ಣೆಗೆ ಬಿಟ್ಟ ಚಕ್ಲಿಯ ಹಾಗೆ ಒಳಗೊಳಗೆ ಒಯ್ದು, ನಟ್ಟನಡುವೆ ಒಂದು ಸ್ಟೇಷನ್ ಕಟ್ಟಿದರು. ಸರಕಾರ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಜನ ಮಾರ್ಗವನ್ನು ಚಕ್ಲಿ ಎಂದರು, ಸ್ಟೇಷನ್ನನ್ನು ಹೊಕ್ಕಳ ಎಂದರು. ಒಳಗೆ ಹೋಗಲು ಎರಡೂವರೆ ತಾಸು, ಅದೇ ಒಂಟಿ ಹಳಿಯ ಮೇಲೆ ಹೊರಗೆ ಬರಲು ಮತ್ತೆ ಅಷ್ಟೇ. ಹೊಕ್ಕಳದಲ್ಲಿ ಒಬ್ಬ ನರಪಿಳ್ಳೆಗೂ ಕೆಲಸವಿಲ್ಲ. ಆದರೆ ಖಾಲಿ ಗಾಡಿ ಲೆಕ್ಕಕ್ಕಿಲ್ಲವಲ್ಲ, ಅದಕ್ಕೆ ಬಸ್ಸುಗಳನ್ನು ನಿಲ್ಲಿಸಿ, ಬಾಗಿಲಹಾಳಕ್ಕೆ ಹೋಗುವವರೆಲ್ಲ ಮೊದಲು ಚಕ್ಲಿಯನ್ನು ಸುತ್ತಿಬಂದೇ ಇಳಿಯಬೇಕೆಂದು ಮಾಡಿದರು. ಅಲ್ಲಿಯತನಕ ಬೋಗಿಯ ಬಾಗಿಲು ತೆರೆಯುವುದಿಲ್ಲ.

ದ್ಯಾಮವ್ವ ವಾರಕ್ಕೆರಡು ಸಲ ಆ ಪ್ರದಕ್ಷಿಣೆ ಹಾಕುತ್ತಿದ್ದಳು. ಅವಳ ಮೂತ್ರಪಿಂಡ ಎರಡೂ ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಗುರುವಾರ ಬಾಗಿಲಹಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಯಂತ್ರ ಅವಳ ರಕ್ತವನ್ನು ಹೊರಗೆ ಎಳೆದು, ತೊಳೆದು, ಮತ್ತೆ ಒಳಗೆ ಬಿಡುತ್ತಿತ್ತು. ಮಗ ಫಕ್ಕೀರಪ್ಪ ಅದೇ ಗಾಡಿಯ ಗಾರ್ಡ್. ಸೊಸೆ ನೀಲಾಂಬಿಕಾ ಕರಿಹೊಲ ಜಂಕ್ಷನ್ನಿನ ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್. ಆ ಭಾಗದಲ್ಲಿ ಯಾವ ಗಾಡಿ ನಿಲ್ಲಬೇಕು, ಯಾವುದು ಹೊರಡಬೇಕು ಎಂದು ಹೇಳುವವಳು ಅವಳೇ. ಮಗ ಗಾಡಿ ಓಡಿಸುವವ, ಸೊಸೆ ಗಾಡಿಯನ್ನು ಆಡಿಸುವಾಕಿ, ಆದರೂ ತನಗೆ ಕಿಟಕಿ ಪಕ್ಕದ ಸೀಟು ಸಿಗುವುದಿಲ್ಲ ಎಂದು ದ್ಯಾಮವ್ವ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆಯೂ ಮನೆಯಲ್ಲಿ ಎಂದಿನ ಜಗಳವೇ ನಡೆಯಿತು.

"ಇನ್ನ ಅರ್ಧ ಕಪ್ಪು ಚಹಾ ಹಾಕು, ನೀಲಾ. ಹೆಂಗೂ ಯಂತ್ರ ಎಲ್ಲಾ ಹಿಂಡಿ ತಗಿತೈತಿ."

"ಯಂತ್ರಕ್ಕ ಬ್ಯಾಸರಾಗೂವಷ್ಟು ಕುಡದ್ರ ಹೆಂಗ, ಅತ್ತಿ? ಡಾಕ್ಟರು ಹೇಳಿದ್ದು ನೆನಪೈತೋ ಇಲ್ಲೋ?"

"ಡಾಕ್ಟರು ತಾವು ಕುಡ್ಕೋತನ ಹೇಳಿದ್ರು, ನಾ ನೋಡೇನಿ."

ನೀಲಾಂಬಿಕಾ ನಗು ಬಂದರೂ ತೋರಿಸಿಕೊಳ್ಳದೆ ಎರಡು ಗುಟುಕಿನಷ್ಟು ಹಾಕಿಕೊಟ್ಟಳು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಮುದುಕಿಯ ನಾಲಿಗೆಗೆ ಹೆದರಿ ಅವಳು ಹಿತ್ತಲಲ್ಲಿ ಕೂತು ಅತ್ತಿದ್ದುಂಟು. ಈಗ ಆ ನಾಲಿಗೆ ಒಂದು ದಿನ ಸುಮ್ಮನಾದರೆ ಅವಳ ಎದೆ ಝಲ್ಲೆನ್ನುತ್ತಿತ್ತು.

ತಪ್ಪು ನಡೆದದ್ದು ಮಧ್ಯಾಹ್ನ. ಬಸ್ಸು ನಿಂತ ಮೇಲೆ ಜನ ಹೆಚ್ಚಿ, ಗಾಡಿಗೆ ಬೋಗಿಗಳನ್ನು ಸೇರಿಸುತ್ತ ಹೋಗಿದ್ದರು. ಹೊಕ್ಕಳದಲ್ಲಿ ಎಂಜಿನ್ ಈ ತುದಿಯಿಂದ ಆ ತುದಿಗೆ ಸುತ್ತಿ ಬರಲು ಅಷ್ಟು ಉದ್ದದ ಗಾಡಿಗೆ ಜಾಗ ಸಾಲದು. ಅದಕ್ಕೆ ಅಲ್ಲಿಯವರು ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಗಾಡಿಯನ್ನು ಎರಡು ತುಂಡು ಮಾಡಿ, ಒಂದನ್ನು ಮೊದಲು ಹೊರಗೆ ಎಳೆದೊಯ್ದು ಬಿಟ್ಟು, ಎಂಜಿನ್ ಮರಳಿ ಬಂದು ಉಳಿದರ್ಧವನ್ನು ಒಯ್ಯುವುದು. ಹಾಗೆ ತುಂಡಾದ ಗಾಡಿ ಹೊರಡುವಾಗ ಅದರ ಕೊನೆಯ ಬೋಗಿಗೆ ಬಾಲದ ದೀಪ ಕಟ್ಟಬಾರದು. ದೀಪವಿಲ್ಲದ ಗಾಡಿ ಬಂದರೆ, ಒಳಗೆ ಇನ್ನೂ ಅರ್ಧ ಉಳಿದಿದೆ ಎಂದು ಬಾಗಿಲಹಾಳದ ಸ್ಟೇಷನ್ ಮಾಸ್ತರರು ತಿಳಿಯಬೇಕು.

ಫಕ್ಕೀರಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಎಷ್ಟೋ ಸಲ ದೀಪವಿಲ್ಲದೆ ತಂದಿದ್ದ. ಆದರೆ ಅವನು ಇಪ್ಪತ್ತು ವರ್ಷದ ಗಾರ್ಡ್. ಕೊನೆಯ ಬೋಗಿಗೆ ದೀಪ ಕಟ್ಟದೆ ಹಸಿರು ಬಾವುಟ ತೋರಿಸಿದರೆ ಗಾರ್ಡಿನ ಕೈಗೆ ತುರಿಕೆ ಹತ್ತುತ್ತದೆ. ಆ ದಿನ ಮುಂದಿನ ಅರ್ಧ ಕಿಕ್ಕಿರಿದಿದ್ದರಿಂದ, ತನ್ನ ಕೀಲಿಯಿಂದ ಬಾಗಿಲು ತೆಗೆದು ಅವ್ವನನ್ನು ಹಿಂದಿನ ಅರ್ಧದ ಖಾಲಿ ಬೋಗಿಯೊಂದರಲ್ಲಿ ಆರಾಮಾಗಿ ಕೂಡಿಸಿ, ಕಾಲು ಚಾಚಿಕೊಳ್ಳಲು ಹೇಳಿ, ಮಾತಾಡುತ್ತ ಇಳಿದವನು ಮುಂದಿನ ಅರ್ಧದ ಬಾಲಕ್ಕೆ ದೀಪ ಕಟ್ಟಿಬಿಟ್ಟ. ಬಾಗಿಲಹಾಳದ ಮಾಸ್ತರರು ಕೆಂಪು ದೀಪ ನೋಡಿದರು, ಚಕ್ಲಿ ಖಾಲಿಯೆಂದು ಬರೆದರು, ಮುಂದಿನ ಗಾಡಿಯನ್ನು ಒಳಗೆ ಬಿಟ್ಟರು. ಯಾವ ರೈಲ್ವೆಯವರಾದರೂ ಹಾಗೇ ಮಾಡುತ್ತಿದ್ದರು. ದೀಪ ನೋಡಿದ ಮೇಲೆ ಅನುಮಾನ ಪಡಬಾರದೆಂದೇ ಅವರಿಗೆ ಕಲಿಸಿರುವುದು.

ನೀಲಾಂಬಿಕಾಳ ಎದುರಿನ ಗೋಡೆಯ ಮೇಲೆ ಚಕ್ಲಿಯ ನಕ್ಷೆಯಿತ್ತು. ನಡುವೆ ಒಂದು ಕೆಂಪು ಚುಕ್ಕೆ ಅಲ್ಲಾಡದೆ ನಿಂತಿದ್ದನ್ನೂ ಹೊರಗಿನಿಂದ ಇನ್ನೊಂದು ಅದರತ್ತ ಸುತ್ತುತ್ತ ಬರುತ್ತಿದ್ದುದನ್ನೂ ಅವಳು ಕಂಡಳು. ಎರಡನೆಯ ಗಾಡಿಯ ಡ್ರೈವರ್ ಮಾಬೂಸಾಬನಿಗೆ ಫೋನಿನಲ್ಲಿ ಕೂಗಿ, ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಿದಳು. ಜೀವ ಉಳಿಯಿತು. ಆದರೆ ಈಗ ಒಳಗಿನವರು ಹೊರಗೆ ಬರುವಂತಿಲ್ಲ, ಹೊಕ್ಕಳದಲ್ಲಿ ಇನ್ನೊಂದು ಗಾಡಿಗೆ ಜಾಗವಿಲ್ಲದೆ ದಾರಿಯಲ್ಲಿರುವವರು ಒಳಗೆ ಹೋಗುವಂತಿಲ್ಲ. ಇದ್ದದ್ದು ಒಂದೇ ಉಪಾಯ, ಮಾಬೂಸಾಬನ ಗಾಡಿ ಹಿಂದಕ್ಕೆ ಬರಬೇಕು.

"ಹಿಂದಕ್ಕ ಅನ್ನೂ ಮಾತು ಈ ಖೋಲಿಯೊಳಗ ಆಡಬ್ಯಾಡ್ರಿ," ಎಂದರು ಚೀಫ್ ಕಂಟ್ರೋಲರ್ ಇನಾಮದಾರರು. ಜಯತೀರ್ಥ ಇನಾಮದಾರರು ಕೆಟ್ಟ ಮನುಷ್ಯರಲ್ಲ. ಕೆಳಗಿನವರ ರಜೆಗೆ ಇಲ್ಲವೆಂದವರಲ್ಲ, ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವರು. "ನಮಗೂ ಐದನೇದವರಿಗೂ ಎಷ್ಟು ಅಂತರ ಅದ, ಗೊತ್ತದ ಅಲ್ಲ? ಚಕ್ಲಿ ಹೋತು ಅಂದ್ರ ನಾವು ಐದನೇದವರು. ಮಂಡಳಿಗೆ ಮಾಫಿ ಕೇಳಿ ಬರದೇನಿ. ತಪ್ಪಿ ಆಗ್ಯದ, ಒಂದು ಸಲ ಹಿಂದಕ್ಕ ತರ್ಲಿಕ್ಕೆ ಬಿಡ್ರಿ ಅಂತ. ನಾಳೆ ಬರ್ತದ."

"ಒಳಗ ಇನ್ನೂರು ಮಂದಿ ಅದಾರ, ಸರ್."

"ಹೊರಗ ಎಷ್ಟು ಕೋಟಿ ಅದಾರ, ನೀಲಾಂಬಿಕಾ ಅವರ?"

ನಡೆದುಕೊಂಡು ಬರಲಿ ಎಂದರೆ, ಹೊಕ್ಕಳದಿಂದ ನೇರ ಹೋದರೆ ಬಾಗಿಲಹಾಳ ಹತ್ತಿರವೇ. ಆಸ್ಪತ್ರೆಯ ನೀರಿನ ಟಾಕಿ ಅಲ್ಲಿಂದ ಕಾಣುತ್ತದೆ. ಆದರೆ ನಡುವೆ ಸುತ್ತಿನ ಮೇಲೆ ಸುತ್ತು ಹಳಿ, ಪ್ರತಿ ಸುತ್ತಿಗೂ ಮೈಗೆ ತಾಗಿದರೆ ಸುಟ್ಟು ಕರಕಲಾಗುವ ನಾಡಿತಂತಿಯ ಬೇಲಿ. ಅದರ ವಿದ್ಯುತ್ತು ಕಡಿದರೂ ಮಾರ್ಗ ಸಾಯುತ್ತದೆ. ಮೇಲಿನಿಂದ ಎತ್ತೋಣವೆಂದರೆ, ಕಳ್ಳ ಅಳತೆ ನಡೆಯದಿರಲೆಂದು ಮಂಡಳಿಯವರು ಇಡೀ ಚಕ್ಲಿಯ ಮೇಲೆ ತಂತಿಯ ಬಲೆ ಹೊದಿಸಿದ್ದರು. ಅದರ ಕಿಂಡಿಗಳಿಂದ ಸಣ್ಣ ಡ್ರೋನುಗಳು ಬಿಸ್ಕೀಟು, ನೀರಿನ ಪಾಕೀಟು ಇಳಿಸಿ ಬಂದವು. ಮನುಷ್ಯರನ್ನು ಎತ್ತುವಷ್ಟು ದೊಡ್ಡದು ಯಾವುದೂ ಇಳಿಯುವಂತಿರಲಿಲ್ಲ.

ಮಂಗಳವಾರ ಮಾಫಿ ಬರಲಿಲ್ಲ. ಮಂಡಳಿಯ ಸಭೆ ಬುಧವಾರಕ್ಕೆ ಹೋಯಿತು, ಬುಧವಾರದ ಸಭೆಯಲ್ಲಿ ನಮ್ಮ ವಿಷಯ ಕೊನೆಯದು ಎಂದು ತಿಳಿಯಿತು. ಇನಾಮದಾರರು ಪ್ರತಿ ತಾಸಿಗೂ ನಾಳೆ ಎಂದರು. ಗಾಡಿಗಳೆರಡೂ ಕದಲದೆ ನಿಂತಿದ್ದರಿಂದ ಚಕ್ಲಿ ಬದುಕಿದೆ ಎಂದೇ ಲೆಕ್ಕ, ದೇಶ ನಾಲ್ಕನೆಯ ಸ್ಥಾನದಲ್ಲಿ ಭದ್ರವಾಗಿ ಕೂತಿತ್ತು. ಮೇಲಿನವರಿಗೆ ಅವಸರವೇನೂ ಇರಲಿಲ್ಲ.

ಮಂಗಳವಾರ ಸಂಜೆ ನೀಲಾಂಬಿಕಾ ಮನೆಗೆ ಬಂದಾಗ ಎಲ್ಲ ಕೋಣೆಗಳ ದೀಪ ಉರಿಯುತ್ತಿತ್ತು. ಕೆಲಸದಿಂದ ಅಮಾನತಾದ ಫಕ್ಕೀರಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ.

"ಎಲ್ಲಾ ದೀಪ ಯಾಕ ಹಚ್ಚೀರಿ?"

"ನೋಡೂಣಂತ. ಯಾವುದರ ಸಲುವಾಗಿ ನಮ್ಮವ್ವ ಅಲ್ಲೆ ಕುಂತಾಳ ಅಂತ."

ಅವಳು ಒಂದೊಂದಾಗಿ ಆರಿಸುತ್ತ ಬಂದಳು. ಅವನು ತನ್ನ ಬಲಗೈಯನ್ನು ತಿರುವಿ ಮುರುವಿ ನೋಡಿಕೊಳ್ಳುತ್ತಿದ್ದ.

"ನಾ ಬೇಕಂತ ಕಟ್ಟಲಿಲ್ಲ, ನೀಲಾ. ಕಟ್ಟಿದ್ದು ನನಗ ಗೊತ್ತ ಆಗಲಿಲ್ಲ."

"ಗೊತ್ತೈತ್ರಿ."

"ನೀ ಬೈದರ ಚಲೋ ಇತ್ತು."

ಬೈಯಲು ಅವಳಿಗೆ ಸಿಟ್ಟೇ ಬರಲಿಲ್ಲ. ಬಂದದ್ದು ಭಯ, ಬರೀ ಭಯ. ಅವಳು ಅತ್ತೆಗೆ ಫೋನು ಹಚ್ಚಿದಳು. ಆ ಕಡೆಯಿಂದ ಮಾತಿಗೆ ಮೊದಲು ಏದುಸಿರು ಕೇಳಿಸಿತು.

"ಇಲ್ಲೆ ಈಗ ಎಲ್ಲಾರೂ ನನ್ನಂಗ ಆಗ್ಯಾರ ನೋಡು," ಎಂದಳು ದ್ಯಾಮವ್ವ. "ಒಬ್ಬೊಬ್ಬರಿಗೆ ದಿನಕ್ಕ ಅರ್ಧ ಬಾಟ್ಲಿ ನೀರು. ಅಳ್ತಾರ. ನಾ ಅಂದೆ, ಮೂರು ವರ್ಷ ನಾ ಇಷ್ಟರಾಗ ಬದುಕೇನಿ, ನಿಮಗೇನಾಗೇತಿ ಧಾಡಿ ಅಂತ."

"ಕಾಲು ಹೆಂಗದಾವ, ಅತ್ತಿ?"

"ಬಾತಾವ. ಚಪ್ಪಲಿ ಹೋಗವಲ್ದು. ಮಲಗಿದ್ರ ನೀರಾಗ ಮುಳಗಿದಂಗ ಆಗತೈತಿ. ಕುಂತ ಇರ್ತೀನಿ."

ಇಂಥಲ್ಲಿ ಹಿರಿಯರು, ನನ್ನದೇನು, ಬಾಳಿ ಮುಗಿದ ಜೀವ, ನೀವು ಸುಖವಾಗಿರಿ ಎನ್ನುತ್ತಾರೆ. ನೀಲಾಂಬಿಕಾಳೂ ಅದನ್ನೇ ನಿರೀಕ್ಷಿಸಿದ್ದಳೇನೋ. ದ್ಯಾಮವ್ವ ಅಂಥ ಪೈಕಿಯಲ್ಲ.

"ನೀಲಾ, ನನಗ ಸಾಯಾಕ ಮನಸಿಲ್ಲ. ಗಾಡಿ ತಿರುಗಿಸೂದು ನಿನ್ನ ಕೈಯಾಗ ಐತಂತಲ್ಲ, ಇಲ್ಲೆ ಮಂದಿ ಅಂತಾರ. ತಿರುಗಿಸು."

ಬುಧವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ಮೊದಲೇ ಬಾಗಿಲಹಾಳದ ಆಸ್ಪತ್ರೆಗೆ ಫೋನು ಮಾಡಿದಳು. ಡಯಾಲಿಸಿಸ್ ವಾರ್ಡಿನ ಶಾಹೀನ್ ಸಿಸ್ಟರ್ ಮುಚ್ಚುಮರೆ ಮಾಡುವವಳಲ್ಲ. ಹೋದ ಗುರುವಾರ ಆದದ್ದು ಕೊನೆಯ ಸಲ, ಈಗ ಆರು ದಿನ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಇವತ್ತು ರಾತ್ರಿ ದಾಟುವುದು ಕಷ್ಟ ಎಂದಳು. ಯಾವಾಗ ಕರೆತಂದರೂ ಹಾಸಿಗೆ ಕೊಡುತ್ತೇನೆ, ಆದರೆ ತನ್ನಿ ಎಂದಳು.

ಕಂಟ್ರೋಲ್ ಆಫೀಸಿನಲ್ಲಿ ಎರಡು ಕೆಂಪು ಚುಕ್ಕೆಗಳು ನಿನ್ನೆ ಇದ್ದಲ್ಲೇ ಇದ್ದವು. ಇನಾಮದಾರರು ಗಡ್ಡ ಹೆರೆದುಕೊಂಡಿರಲಿಲ್ಲ, ಅವರೂ ಮನೆಗೆ ಹೋಗಿರಲಿಲ್ಲ.

"ಸರ್, ನಮ್ಮತ್ತಿ ಇವತ್ತ ಹೋಗ್ತಾರ," ಎಂದಳು ನೀಲಾಂಬಿಕಾ.

ಅವರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. "ನಾ ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಐದನೇದಕ್ಕ ಇಳದ್ವಿ ಅಂದ್ರ ಸಂಜೀ ಆರಕ್ಕ ಪಟ್ಟಿ ಬರ್ತದ, ಕತ್ತಲಾಗೂದರೊಳಗ ಲೈಟು ಹೋಗ್ತದ. ದೊಡ್ಡ ಶಹರದ ಆಸ್ಪತ್ರಿಗೆ ಹೆಂಗೋ ನಡೀತದ. ಬಾಗಿಲಹಾಳದಂಥಾದ್ದಕ್ಕ ಏನದ? ಜನರೇಟರ್ ತಗದು ಎಷ್ಟೋ ವರ್ಷ ಆತು. ರಾತ್ರಿ ಪಾಳಿಯ ರೋಗಿಗಳು ಏನ್ ಮಾಡಬೇಕು? ನಿಮ್ಮತ್ತಿ ಮುಂದಿನ ವಾರ ಏನ್ ಮಾಡಬೇಕು?"

"ಮುಂದಿನ ವಾರಕ್ಕ ಮೊದಲು ಈ ವಾರ ದಾಟಬೇಕಲ್ಲರಿ."

"ಅದೂ ಖರೇನ."

ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ನೀಲಾಂಬಿಕಾ ಶಾಲೆಯಲ್ಲಿ ಓದಿದ್ದಳು. ಆಗ ಅದು ನಿಬಂಧದಲ್ಲಿ ಬರೆಯುವ ಮಾತಾಗಿತ್ತು. ಅವಳು ನಕ್ಷೆ ನೋಡಿದಳು, ಗಡಿಯಾರ ನೋಡಿದಳು. ಈಗಲೇ ಹೇಳಿದರೆ ಮಾಬೂಸಾಬ ಹಿಂದಕ್ಕೆ ಬಂದು, ಎಂಜಿನ್ ಒಳಗೆ ಹೋಗಿ, ಉಳಿದ ಅರ್ಧವನ್ನು ಎಳೆದುತಂದು, ಮಧ್ಯಾಹ್ನದ ಹೊತ್ತಿಗೆ ಅತ್ತೆ ಯಂತ್ರದ ಮುಂದಿರುತ್ತಾಳೆ. ಅವಳದು ನಾಲ್ಕು ತಾಸಿನ ಕೆಲಸ. ಕತ್ತಲಾಗುವ ಮೊದಲು ಮುಗಿಯಬಹುದು. ಉಳಿದವರ ಸಂಗತಿ? ಅಲ್ಲಿಗೆ ಬಂದ ಯೋಚನೆಯನ್ನು ಅವಳು ಮುಂದಕ್ಕೆ ಹೋಗಗೊಡಲಿಲ್ಲ. ಅದನ್ನು ತಡೆದದ್ದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ತಡೆದಳು.

ಇನಾಮದಾರರು ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಕೋಟು ಹಾಕಿಕೊಂಡರು.

"ನಾ ಚಹಾ ಕುಡದು ಬರ್ತೇನಿ. ಕ್ಯಾಂಟೀನಿನೊಳಗ ಇವತ್ತ ಗದ್ದಲ ಇರ್ತದ, ತಡಾ ಆದೀತು."

ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂವತ್ತು ವರ್ಷದ ನೌಕರಿ ಅವರಿಗೆ ಕಲಿಸಿದ್ದು ಅಷ್ಟು. ಬಾಗಿಲು ಮುಚ್ಚಿಕೊಂಡಿತು.

ನೀಲಾಂಬಿಕಾ ಫೋನು ಎತ್ತಿದಳು. ಕಂಟ್ರೋಲರ್ ಕೊಡುವ ಆದೇಶಕ್ಕೆ ಒಂದು ಗುಪ್ತ ಸಂಖ್ಯೆ ಇರುತ್ತದೆ. ಅದನ್ನು ಹೇಳಿದ ಮೇಲೆ ಮಾತು ಮಾತಾಗಿ ಉಳಿಯುವುದಿಲ್ಲ, ಹೇಳಿದವರ ಹೆಸರಿಗೆ ಹತ್ತಿಕೊಳ್ಳುತ್ತದೆ.

"ಮಾಬೂಸಾಬರ, ಗಾಡಿ ಹಿಂದಕ್ಕ ತಗೊಂಡು ಬಾಗಿಲಹಾಳಕ್ಕ ಬರ್ರಿ."

"ಮೇಡಮ್ಮಾರ, ಹಿಂದಕ್ಕ ಅಂದ್ರಿ ಏನ್ರಿ?"

"ಹೌದ್ರಿ."

"ಮಾಫಿ ಬಂತೇನ್ರಿ?"

"ಇಲ್ಲ. ನಂಬರ್ ಬರಕೊಳ್ರಿ."

ಸಂಖ್ಯೆಯನ್ನು ಅವಳು ಒಂದೊಂದೇ ಅಂಕಿಯಾಗಿ ಹೇಳಿದಳು. ಫೋನು ಇಟ್ಟು ನಕ್ಷೆಯ ಕಡೆ ತಿರುಗಿದಳು. ಹೊರಗಿನ ಚುಕ್ಕೆ ಮೊದಲು ಸುಮ್ಮನಿತ್ತು, ಆಮೇಲೆ ನಿಧಾನವಾಗಿ ಹಿಂದೆ ಸರಿಯತೊಡಗಿತು. ಅದು ಸರಿದಂತೆಲ್ಲ ನಕ್ಷೆಯ ಮೇಲೆ ಚಕ್ಲಿಯ ಹಸಿರು ಗೆರೆ ಸುತ್ತು ಸುತ್ತಾಗಿ ಬೂದಿಬಣ್ಣಕ್ಕೆ ತಿರುಗುತ್ತ ಬಂತು. ಪಕ್ಕದ ಮೇಜಿನವರೆಲ್ಲ ತಮ್ಮ ತಮ್ಮ ಫೋನು ಕೆಳಗಿಟ್ಟು ನೋಡಿದರು. ಇನಾಮದಾರರು ಚಹಾದಿಂದ ಮರಳಿ ಬಂದು, ಗೋಡೆಯನ್ನು ನೋಡಿ, ಅವಳನ್ನು ಕುರ್ಚಿಯಿಂದ ಏಳಲು ಹೇಳಿದರು. ಎದ್ದು ಹೊರಟವಳಿಗೆ, ಮೋಟರ್ ಟ್ರಾಲಿ ತಗೊಂಡು ಹೋಗ್ರಿ, ಲಗೂ ಮುಟ್ಟತೀರಿ ಎಂದೂ ಹೇಳಿದರು.

ಅಂದುಕೊಂಡಂತೆ ಯಾವ ಕೆಲಸ ಆದೀತು? ಎರಡು ದಿನ ನಿಂತ ಬೋಗಿಗಳ ಬ್ರೇಕು ಹಿಡಿದುಕೊಂಡಿತ್ತು. ಅದನ್ನು ಬಿಡಿಸಿ ಎಳೆದು ತರುವಷ್ಟರಲ್ಲಿ ಹೊತ್ತು ಇಳಿಮುಖವಾಗಿತ್ತು. ಬಾಗಿಲಹಾಳದ ಪ್ಲಾಟ್‌ಫಾರ್ಮಿನಲ್ಲಿ ಬಾಗಿಲು ತೆರೆದಾಗ ಜನ ಇಳಿಯಲಿಲ್ಲ, ಉರುಳಿದರು. ನೀರಿನ ನಳದ ಸುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಹಸುಗೂಸಿನ ತಾಯಿಯೊಬ್ಬಳು ನೆಲಕ್ಕೆ ಹಣೆ ಹಚ್ಚಿ ಎದ್ದೇಳಲೇ ಇಲ್ಲ ಎಷ್ಟೋ ಹೊತ್ತು. ನೀಲಾಂಬಿಕಾಳ ಜೊತೆ ಟ್ರಾಲಿಯಲ್ಲಿ ಬಂದಿದ್ದ ಫಕ್ಕೀರಪ್ಪ ಅವ್ವನನ್ನು ಎತ್ತಿಕೊಂಡೇ ಓಡಿದ. ದ್ಯಾಮವ್ವನ ತುಟಿ ನೀಲಿಯಾಗಿತ್ತು. ಆದರೂ ನೀಲಾಂಬಿಕಾಳನ್ನು ಕಂಡು, "ತಡಾ ಮಾಡಿದಿ," ಎಂದಳು. ಈ ಮೂರು ದಿನಗಳಲ್ಲಿ ಸೊಸೆ ಮೊದ​ಲ ಸಲ ಅತ್ತಳು.

ವಾರ್ಡಿನಲ್ಲಿ ಎಂಟು ಹಾಸಿಗೆ, ಎಂಟು ಯಂತ್ರ. ಶಾಹೀನ್ ಸಿಸ್ಟರ್ ಮಾತು ಉಳಿಸಿಕೊಂಡಿದ್ದಳು. ದ್ಯಾಮವ್ವನ ತೋಳಿಗೆ ಸೂಜಿ ಚುಚ್ಚಿ, ಎರಡು ನಳಿಕೆ ಹಚ್ಚಿ, ಯಂತ್ರ ಚಾಲೂ ಮಾಡಿದಳು. ಕೆಂಪು ರಕ್ತ ಹೊರಟು, ಸುತ್ತು ಹಾಕಿ, ಮರಳಿ ಒಳಗೆ ಹೋಗತೊಡಗಿತು. ಉಳಿದ ಹಾಸಿಗೆಗಳಲ್ಲೂ ಜನರಿದ್ದರು, ಸಂಜೆ ಪಾಳಿಯವರು. ಹೊರಗಿನ ಬೆಂಚಿನ ಮೇಲೆ ರಾತ್ರಿ ಪಾಳಿಯವರು ಕಾಯುತ್ತಿದ್ದರು. ನೀಲಾಂಬಿಕಾ ಅವರ ಕಡೆ ನೋಡಲಿಲ್ಲ. ಅತ್ತೆಯ ಉಸಿರು ನಿಧಾನಕ್ಕೆ ಹದಕ್ಕೆ ಬರುತ್ತಿತ್ತು, ಅದನ್ನಷ್ಟೇ ಕೇಳುತ್ತ ಕೂತಳು. ತುಟಿಯ ನೀಲಿ ತಿಳಿಯಾಯಿತು. ಅವಳಿಗೆ ಆದ ಸಂತೋಷಕ್ಕೆ ಪಾರವೇ ಇರಲಿಲ್ಲ, ಆ ಹೊತ್ತಿನಲ್ಲಿ ದೇಶ ಎಷ್ಟನೆಯದಾದರೂ ಆಗಲಿ ಎನಿಸಿತು.

ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ದೀಪಗಳು ಹೋದವು.

ಬಾಗಿಲಹಾಳದ ಮಕ್ಕಳು ಹುಟ್ಟಿದಾಗಿನಿಂದ ಕತ್ತಲನ್ನು ನೋಡಿರಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಕೂಗಿದರು. ವಾರ್ಡಿನಲ್ಲಿ ಎಂಟೂ ಯಂತ್ರಗಳು ಒಂದೇ ಸಲಕ್ಕೆ ಚೀರಿ, ಒಂದೊಂದಾಗಿ ಸುಮ್ಮನಾದವು. ಅವುಗಳ ಬ್ಯಾಟರಿ ಯಾವ ಕಾಲದಲ್ಲೋ ಸತ್ತಿತ್ತು. ದೇಶ ನಾಲ್ಕನೆಯದಾಗಿದ್ದಷ್ಟು ದಿನ ಅದರ ಗೊಡವೆ ಯಾರಿಗೂ ಬೇಕಿರಲಿಲ್ಲ.

"ಯಾರೂ ಅಂಜಬ್ಯಾಡ್ರಿ," ಎಂದಳು ಶಾಹೀನ್ ಸಿಸ್ಟರ್. ಮೊಬೈಲಿನ ಬೆಳಕು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಓಡುತ್ತಿದ್ದಳು. "ರಕ್ತ ಹೊರಗ ನಳಿಕ್ಯಾಗ ಐತಿ. ಹೆಪ್ಪುಗಟ್ಟೂದರಾಗ ಒಳಗ ಕಳಸಬೇಕು. ಪಂಪಿಗೆ ಕೈಹಿಡಿಕಿ ಐತಿ, ಹಚ್ಚಿ ತಿರುವ್ರಿ. ನಿಧಾನಕ್ಕ, ಬಾಣದ ಗುರುತು ಇದ್ದ ಕಡೆಗಷ್ಟ. ನಾ ಸಾಕು ಅಂದ ಕೂಡ್ಲೆ ನಿಲ್ಲಸ್ರಿ."

ನೀಲಾಂಬಿಕಾ ಹಿಡಿಕೆ ಹಚ್ಚಿ ತಿರುವತೊಡಗಿದಳು. ಹಿಟ್ಟಿನ ಗಿರಣಿಯಷ್ಟು ಬಿಗಿ ಇತ್ತು. ಎದುರಿನ ಹಾಸಿಗೆಗೆ ಫಕ್ಕೀರಪ್ಪ ಹೋದ. ಬೆಂಚಿನ ಮೇಲಿದ್ದ ರಾತ್ರಿ ಪಾಳಿಯವರಲ್ಲಿ ಕೈಯಲ್ಲಿ ತ್ರಾಣವಿದ್ದವರೂ ಎದ್ದು ಬಂದರು, ತಮ್ಮ ಪಾಳಿ ಇನ್ನು ಬರುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಕತ್ತಲೆಯಲ್ಲಿ ಹಿಡಿಕೆಗಳ ಕಿರಗುಟ್ಟುವಿಕೆ, ಜನರ ಉಸಿರು, ಅಷ್ಟೇ. ದ್ಯಾಮವ್ವನ ನಳಿಕೆಯೊಳಗಿನ ರಕ್ತ ಗೇಣು ಗೇಣಾಗಿ ಅವಳ ತೋಳಿನ ಕಡೆ ಸರಿಯಿತು.

"ಸಾಕು," ಎಂದು ಸಿಸ್ಟರ್ ನಳಿಕೆ ಬಿಗಿದಳು. "ಅರ್ಧಕ್ಕಿಂತ ಜಾಸ್ತಿ ಆಗೇತಿ, ಈ ಸಲ ಪಾರಾದ್ರಿ. ಈಗ ಫೋನ್ ಬಂದಿತ್ತು. ನಾಳಿಂದ ಬರೇ ಹಗಲಿ ಪಾಳಿ. ರಾತ್ರಿಯವರನ್ನೂ ಹಗಲಿನಾಗ ಹಿಡಿಸಬೇಕು. ಹಂಗಾಗಿ ಒಬ್ಬೊಬ್ಬರಿಗೆ ವಾರಕ್ಕ ಒಂದ ಸಲ."

ಹಾಸಿಗೆಗಳಲ್ಲಿ ಸಣ್ಣದೊಂದು ಅಲುಗಾಟವಾಯಿತು. ದ್ಯಾಮವ್ವ ಕತ್ತಲೆಯಲ್ಲಿ ಸೊಸೆಯ ಕೈ ಹುಡುಕಿ ಹಿಡಿದುಕೊಂಡಳು.

"ನಾ ಆರನೇ ದಿನಕ್ಕ ಹೆಂಗ ಆಗಿದ್ದೆ, ನೋಡಿದಿಲ್ಲೋ ನೀಲಾ," ಎಂದಳು. "ಇನ್ನ ಎಲ್ಲಾರಿಗೂ ಏಳು."

ಅವಳು ದೂರುತ್ತಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ. ನೀಲಾಂಬಿಕಾ ಬೆಳಿಗ್ಗೆ ತಡೆದು ನಿಲ್ಲಿಸಿದ್ದ ಯೋಚನೆ ಈಗ ತಾನಾಗಿಯೇ ಕೊನೆಯತನಕ ನಡೆದು ಹೋಯಿತು.

"ನಿಮ್ಮ ಕೈ ಖಾಲಿ ಆತಲ್ಲ, ಇಲ್ಲೆ ಬರ್ರಿ," ಎಂದು ಸಿಸ್ಟರ್ ಮೂಲೆಯಿಂದ ಕರೆದಳು. "ಇವರ ಕೂಡ ಯಾರೂ ಬಂದಿಲ್ಲ."

ಮೂಲೆಯ ಹಾಸಿಗೆಯಲ್ಲಿ ನಲವತ್ತರ ಆಸುಪಾಸಿನ ಗಂಡಸು. ಮುಖ ಕಾಣುತ್ತಿರಲಿಲ್ಲ, ಸೂಜಿ ಚುಚ್ಚಿದ ತೋಳು ಬೆಳಕಿನಲ್ಲಿ ಬಿದ್ದಿತ್ತು. ನೀಲಾಂಬಿಕಾ ಹಿಡಿಕೆ ಹಚ್ಚಿದಳು.

"ಗಾಡಿ ಹಿಂದಕ್ಕ ತಿರುಗಿಸಿದವರು ಯಾರಂತ್ರಿ?" ಎಂದು ಅವನು ಕೇಳಿದ. "ಗೊತ್ತಾತೇನು?"

ಸುಳ್ಳು ಹೇಳಬಹುದಿತ್ತು. ಕತ್ತಲೆಯೂ ಇತ್ತು.

"ನಾನ್ರಿ," ಎಂದಳು.

ಅವನ ತೋಳಿನ ಸ್ನಾಯು ಬಿಗಿದುಕೊಂಡಿತು. ಎಳೆದುಕೊಳ್ಳುತ್ತಾನೆ ಎಂದುಕೊಂಡಳು. ಎಳೆದುಕೊಳ್ಳುವಂತಿರಲಿಲ್ಲ. ಅವನ ರಕ್ತ ಅವಳ ಕೈಕೆಳಗಿನ ನಳಿಕೆಯಲ್ಲಿತ್ತು. ಅವಳೂ ಹಿಡಿಕೆ ಬಿಟ್ಟು ಏಳುವಂತಿರಲಿಲ್ಲ.

"ತಿರುವ್ರಿ," ಎಂದ ಅವನು, ಮುಖವನ್ನು ಗೋಡೆಯ ಕಡೆ ಹೊರಳಿಸಿ.

ನೀಲಾಂಬಿಕಾ ತಿರುವುತ್ತ ಕೂತಳು.